ಗೀಳು ಮನೋರೋಗವೂ ಮಿದುಳೂ

ತೊಳೆದ ಕೈಯನ್ನೇ ಮತ್ತೆ ಮತ್ತೆ ತೊಳೆಯುವವರನ್ನೂ ಹಾಕಿದ ಬೀಗವನ್ನು ಹತ್ತು ಬಾರಿ ಎಳೆದು ನೋಡುವವರನ್ನೂ ನಾವು ಹಟಮಾರಿಗಳೆಂದು ಬಗೆಯುವುದುಂಟು. ಅದು ಗೀಳು ಮನೋರೋಗವಾಗಿರಬಹುದು. 1987ರಲ್ಲಿ ಅಮೆರಿಕದ ಲೂಯಿಸ್ ಬ್ಯಾಕ್ಸ್‌ಟರ್ ಮತ್ತು ಸಂಗಡಿಗರು ಇಂಥ ರೋಗಿಗಳ ಮಿದುಳಿನ ಚಿತ್ರ ತೆಗೆದು, ಕಣ್ಣುಗೂಡಿನ ಮೇಲಣ ಭಾಗವೂ ಅದರೊಡನೆ ಹೆಣೆದುಕೊಂಡ ಕಾಡೇಟ್ ಎಂಬ ಒಳಭಾಗವೂ ಮಿತಿಮೀರಿ ದುಡಿಯುವುದನ್ನು ಕಂಡರು. ಕೈ ಶುದ್ಧವಾದರೂ ಎಚ್ಚರಿಕೆಯ ಕರೆ ನಿಲ್ಲದು. 1992ರಲ್ಲಿ ಅವರೇ ಮತ್ತೊಂದನ್ನು ತೋರಿಸಿದರು: ಔಷಧದಿಂದಾಗಲಿ, ತೊಳೆಯದೆ ತಾಳಿಕೊಳ್ಳುವ ಅಭ್ಯಾಸದಿಂದಾಗಲಿ ಗುಣ ಕಂಡವರಲ್ಲಿ ಕಾಡೇಟಿನ ದುಡಿತ ತಗ್ಗಿತ್ತು. ಅಭ್ಯಾಸವೂ ಮಿದುಳನ್ನು ತಿದ್ದಬಲ್ಲದು!

ನಮ್ಮ ಬೆಂಗಳೂರಿನಲ್ಲಿ 1954ರಲ್ಲಿ ಹುಟ್ಟಿ 1974ರಲ್ಲಿ ನಿಮ್ಹಾನ್ಸ್ ಆದ ಸಂಸ್ಥೆಯಲ್ಲಿ ಈ ರೋಗಕ್ಕೆಂದೇ ಚಿಕಿತ್ಸಾಲಯವಿದೆ. ಊಟಿಯ ಚಳಿಯಲ್ಲಿ ಚರ್ಮ ಬಿರಿಯುವವರೆಗೆ ಕೈತೊಳೆಯುವ ಮಗುವನ್ನು ಗದರದೆ, ತಂದೆತಾಯಿಗಳಿಗೆ ತಿಳಿಹೇಳಿ ವೈದ್ಯರ ಬಳಿಗೆ ಕಳುಹಿಸುವುದು ಉಪಾಧ್ಯಾಯರಾದ ನಮ್ಮ ಧರ್ಮ.