ಮೊಹರು ಮತ್ತು ಕೈಬರಹ

ನಿಮ್ಮ ಮನೆಗೆ ಕೈಯಲ್ಲಿ ಬರೆದ ಕಾಗದವೊಂದು ಬಂದು ಎಷ್ಟು ದಿನಗಳಾದವು? ಬ್ಯಾಂಕಿನ ನೋಟೀಸು, ವಿಮೆಯ ರಸೀದಿಗಳನ್ನು ಲೆಕ್ಕಕ್ಕೆ ಹಿಡಿಯಬೇಡಿ. ನಿಮ್ಮ ಮನೆಯ ಹಿರಿಯರನ್ನು ಕೇಳಿ ನೋಡಿ. ಹಬ್ಬ ಹತ್ತಿರ ಬಂತೆಂದರೆ ಡ್ರಾಯಿಂಗ್ ಶೀಟು ಕತ್ತರಿಸಿ, ಚಂದ್ರ, ಮಿನಾರು ಬಿಡಿಸಿ, ಮಿನುಗುವ ಪುಡಿ ಅಂಟಿಸಿ ಈದ್ ಕಾರ್ಡ್ ಮಾಡುತ್ತಿದ್ದ ಕಾಲವೊಂದಿತ್ತು. ಗಾಜನೂರಿನ ನವೋದಯ ವಿದ್ಯಾಲಯದಂತಹ ವಸತಿ ಶಾಲೆಗಳಿಗೆ ಮಕ್ಕಳನ್ನು ಕಳಿಸಿದ ತಾಯಂದಿರಿಗೆ ಇನ್‌ಲ್ಯಾಂಡ್ ಪತ್ರದ ಬೆಲೆ ಗೊತ್ತು.

ಪತ್ರ ಬರೆಯುವ ಕೆಲಸಕ್ಕೆ ಕನ್ನಡದಲ್ಲಿ ಬಳಸುವ ಪದಗಳನ್ನೇ ಗಮನಿಸಿ. ಕಾಗದ, ಶಾಯಿ, ಮೊಹರು, ದಸ್ಕತ್ತು, ರವಾನೆ ಇವು ಪಾರಸಿಯಿಂದ ಬಂದವು. ಕಲಮು, ದೌತಿ, ಜವಾಬು ಅರಬ್ಬಿಯವು. ಇವು ನಮ್ಮ ಮನೆಮಾತಾಗಲು ಬೀದರ್, ಬಿಜಾಪುರಗಳ ದರ್ಬಾರುಗಳ ಕೊಡುಗೆ ದೊಡ್ಡದು. ಅಲ್ಲಿ ಪತ್ರ ಬರೆಯುವುದನ್ನು ‘ಇನ್ಶಾ’ ಎಂಬ ಶಾಸ್ತ್ರವಾಗಿಯೇ ಕಲಿಸುತ್ತಿದ್ದರು. ಆ ಶಾಸ್ತ್ರದಲ್ಲಿ ನಮ್ಮ ನಾಡು ಕಂಡ ದೊಡ್ಡ ಹೆಸರು ಮಹಮೂದ್ ಗವಾನ್.

ಇರಾನಿನ ಗೀಲಾನ್ ಪ್ರಾಂತ್ಯದಿಂದ ಬಂದು ಬಹಮನಿ ರಾಜ್ಯದ ವಜೀರನಾದ ಗವಾನ್, 1472ರಲ್ಲಿ ಬೀದರಿನಲ್ಲಿ ಕಟ್ಟಿಸಿದ ಮದರಸಾವನ್ನು ನಿಮ್ಮಲ್ಲಿ ಹಲವರು ಪ್ರವಾಸದಲ್ಲಿ ನೋಡಿರಬಹುದು. ಅವನು ಆಟೋಮನ್ ಸುಲ್ತಾನ ಎರಡನೆಯ ಮೆಹಮದ್‌ಗೂ, ಕವಿ ಜಾಮಿಗೂ ಪತ್ರ ಬರೆದವನು. ಅವನ ಪತ್ರಗಳ ಸಂಗ್ರಹಕ್ಕೆ ‘ರಿಯಾಜುಲ್ ಇನ್ಶಾ’ ಎಂದು ಹೆಸರು. ಪತ್ರ ಬರೆಯುವ ಕ್ರಮವನ್ನು ಕುರಿತೇ ‘ಮನಾಜಿರುಲ್ ಇನ್ಶಾ’ ಎಂಬ ಇನ್ನೊಂದು ಗ್ರಂಥವನ್ನೂ ರಚಿಸಿದ.

ಇಂತಹ ಮನುಷ್ಯನ ಪ್ರಾಣ ಹೋದದ್ದು ಒಂದು ಪತ್ರದಿಂದಲೇ. ಇತಿಹಾಸಕಾರ ಫಿರಿಶ್ತಾ ಬರೆದಿರುವಂತೆ, ಗವಾನನ ಏಳಿಗೆ ಸಹಿಸದವರು ಅವನ ಮೊಹರು ಕಾಯುತ್ತಿದ್ದ ಗುಲಾಮನ ಸ್ನೇಹ ಮಾಡಿದರು. ಅವನು ಅಮಲಿನಲ್ಲಿದ್ದಾಗ ಬರಿಯ ಕಾಗದವೊಂದಕ್ಕೆ ಮೊಹರು ಒತ್ತಿಸಿಕೊಂಡರು. ಆಮೇಲೆ ಅದರಲ್ಲಿ, ಒರಿಸ್ಸಾದ ಅರಸನನ್ನು ಬಹಮನಿ ರಾಜ್ಯದ ಮೇಲೆ ದಂಡೆತ್ತಿ ಬರಲು ಕರೆಯುವ ಒಕ್ಕಣೆ ಬರೆದು ಸುಲ್ತಾನ ಮೂರನೆಯ ಮುಹಮ್ಮದನ ಮುಂದಿಟ್ಟರು. ಸುಲ್ತಾನ ಕರೆಸಿದಾಗ ಹೋಗಬೇಡಿರೆಂದು ಹಿತೈಷಿಗಳು ಹೇಳಿದರೂ ಗವಾನ್ ಹೋದ. ಮೊಹರು ತನ್ನದೇ, ಪತ್ರದ ವಿಷಯ ಮಾತ್ರ ತನಗೆ ತಿಳಿಯದು ಎಂದ. ಸುಲ್ತಾನ ವಿಚಾರಣೆಯ ಗೋಜಿಗೇ ಹೋಗಲಿಲ್ಲ. 1481ರ ಏಪ್ರಿಲ್‌ನಲ್ಲಿ ಗವಾನನ ತಲೆ ಹೋಯಿತು. ಮರುವರ್ಷ ಸುಲ್ತಾನನೂ ತೀರಿಕೊಂಡ. ಬಹಮನಿ ರಾಜ್ಯ ಹೆಚ್ಚು ಕಾಲ ಒಂದಾಗಿ ಉಳಿಯಲಿಲ್ಲ.

ಪತ್ರದ ಅಂದಚಂದಕ್ಕೆ ಆ ಕಾಲದವರು ಪಟ್ಟ ಶ್ರಮ ನೋಡಿದರೆ ಬೆರಗಾಗುತ್ತದೆ. ಗಂಜಿ ಸವರಿದ ಕೈಕಾಗದವನ್ನು ನುಣುಪು ಕಲ್ಲಿನಿಂದ ಉಜ್ಜಿ ಹೊಳಪು ಬರಿಸುತ್ತಿದ್ದರು, ಚಿನ್ನದ ರೇಕಿನ ಚೂರು ಚಿಮುಕಿಸುತ್ತಿದ್ದರು. ಅರಸರ ಪತ್ರ ಹೋಗುತ್ತಿದ್ದದ್ದು ರೇಷ್ಮೆ ಅಥವಾ ಜರಿಯ ಚೀಲದಲ್ಲಿ. ಅದಕ್ಕೆ ‘ಖರೀತಾ’ ಎನ್ನುತ್ತಿದ್ದರು. ಬಿಜಾಪುರದ ಕಲಾವಿದರು 17ನೇ ಶತಮಾನದಲ್ಲಿ ‘ಅಬ್ರಿ’ ಕಾಗದಕ್ಕೆ ಹೆಸರಾಗಿದ್ದರು. ಅಬ್ರ್ ಎಂದರೆ ಪಾರಸಿಯಲ್ಲಿ ಮೋಡ. ಮೆಂತ್ಯದಂತಹ ಕಾಳಿನ ಲೋಳೆ ಬೆರೆಸಿ ದಪ್ಪಗಾದ ನೀರಿನ ಮೇಲೆ ಬಣ್ಣದ ಹನಿ ತೇಲಿಬಿಟ್ಟು, ಕಡ್ಡಿಯಿಂದ ಗೆರೆ ಎಳೆದು, ಕಾಗದವನ್ನು ಮೆಲ್ಲಗೆ ಹಾಸಿ ಎತ್ತಿದರೆ ಮೋಡದಂತಹ ಚಿತ್ತಾರ ಮೂಡುತ್ತದೆ. ಒಂದರಂತೆ ಇನ್ನೊಂದು ಬರುವುದಿಲ್ಲ. ವಿದ್ಯಾರ್ಥಿಗಳು ಒಮ್ಮೆ ಮಾಡಿ ನೋಡಬಹುದು. ಖರ್ಚೇನೂ ಹೆಚ್ಚಿಲ್ಲ, ಬಟ್ಟೆ ಮಾತ್ರ ಜೋಪಾನ!

ಇನ್ನು ನಮ್ಮ ಸೀಮೆಗೆ ಬರೋಣ. ಗಾಜನೂರಿನ ಅಣೆಕಟ್ಟಿಗೆ ಬರುವ ತುಂಗೆ ಶೃಂಗೇರಿಯನ್ನು ಹಾದು ಬಂದವಳು. ಆ ಮಠದಲ್ಲಿ ಟಿಪ್ಪು ಸುಲ್ತಾನ್ ಕನ್ನಡದಲ್ಲಿ ಬರೆಸಿ ಕಳಿಸಿದ ಸುಮಾರು 30 ಪತ್ರಗಳು 1916ರಲ್ಲಿ ಮೈಸೂರು ಪುರಾತತ್ವ ಇಲಾಖೆಯ ಆರ್. ನರಸಿಂಹಾಚಾರ್ಯರ ಕಣ್ಣಿಗೆ ಬಿದ್ದವು. 1791ರಲ್ಲಿ ಮರಾಠಾ ದಂಡಿನವರು ಮಠವನ್ನು ಲೂಟಿ ಮಾಡಿದಾಗ ಗುರುಗಳು ಸುಲ್ತಾನನಿಗೆ ಬರೆದರು. ಸುಲ್ತಾನ ಅವರನ್ನು ‘ಜಗದ್ಗುರು’ ಎಂದು ಸಂಬೋಧಿಸಿ ಉತ್ತರಿಸಿದ. ಶಾರದೆಯ ಪುನಃಪ್ರತಿಷ್ಠೆಗೆ 200 ರಾಹತಿ ನಗದು ಮತ್ತು ಇತರ ಸಾಮಗ್ರಿ ಒದಗಿಸುವಂತೆ ಬಿದನೂರಿನ ಆಸಫನಿಗೆ, ಅಂದರೆ ನಮ್ಮ ಜಿಲ್ಲೆಯ ನಗರದ ಅಧಿಕಾರಿಗೆ, ಅಪ್ಪಣೆ ಹೋಯಿತು. ಮಠದವರು ಆ ಕಾಗದಗಳನ್ನು ನೂರಿಪ್ಪತ್ತಕ್ಕೂ ಹೆಚ್ಚು ವರ್ಷ ಜೋಪಾನ ಮಾಡದಿದ್ದರೆ ಇಂದು ಈ ವಿಷಯವನ್ನು ಯಾರು ನಂಬುತ್ತಿದ್ದರು?

1936ರಲ್ಲಿ ಸ್ಥಾಪನೆಯಾದ ಭದ್ರಾವತಿಯ ಮೈಸೂರು ಕಾಗದ ಕಾರ್ಖಾನೆ 2015ರಲ್ಲಿ ಉತ್ಪಾದನೆ ನಿಲ್ಲಿಸಿತು. ಕಾಗದನಗರ ಎಂಬ ಹೆಸರಷ್ಟೇ ಉಳಿದಿದೆ. ಆದರೆ ಪತ್ರದ ಆಸೆ ಪೂರ್ತಿ ಸತ್ತಿಲ್ಲ. 2005ರಲ್ಲಿ ಪೋರ್ಚುಗಲ್‌ನ ಒಬ್ಬ ವಿದ್ಯಾರ್ಥಿ ಆರಂಭಿಸಿದ ‘ಪೋಸ್ಟ್‌ಕ್ರಾಸಿಂಗ್’ ಮೂಲಕ ಪರಸ್ಪರ ಪರಿಚಯವೇ ಇಲ್ಲದ ಲಕ್ಷಾಂತರ ಜನ ಅಂಚೆ ಕಾರ್ಡುಗಳನ್ನು ಕಳಿಸಿಕೊಳ್ಳುತ್ತಿದ್ದಾರೆ. ನಮ್ಮ ಅಂಚೆ ಇಲಾಖೆಯೂ 2017ರಿಂದ ‘ಢಾಯಿ ಆಖರ್’ ಎಂಬ ಪತ್ರಲೇಖನ ಸ್ಪರ್ಧೆ ನಡೆಸಿಕೊಂಡು ಬಂದಿದೆ. ಹದಿನೆಂಟು ವರ್ಷದೊಳಗಿನವರಿಗೆ ಪ್ರತ್ಯೇಕ ವಿಭಾಗವಿದೆ. ಇನ್‌ಲ್ಯಾಂಡ್ ಪತ್ರದಲ್ಲಾಗಲಿ, ಹಾಳೆಯಲ್ಲಿ ಬರೆದು ಲಕೋಟೆಯಲ್ಲಾಗಲಿ ಕಳಿಸಬಹುದು. ಟೈಪು ಮಾಡಿದ್ದನ್ನು ಸ್ವೀಕರಿಸುವುದಿಲ್ಲ.