ಸ್ಟೋಮಾ ಶುಶ್ರೂಷೆಯೂ ರೋಗಿಯ ಸ್ವಯಂ ಆರೈಕೆಯೂ: ಒಂದು ಚಾರಿತ್ರಿಕ ವಿವೇಚನೆ

ವೈದ್ಯಕೀಯ ಚರಿತ್ರೆಯನ್ನು ಬರೆಯುವವರು ಶಸ್ತ್ರವೈದ್ಯರ ಹೆಸರುಗಳನ್ನೂ ಅವರ ವಿಧಾನಗಳನ್ನೂ ಕಾಲಾನುಕ್ರಮವಾಗಿ ಜೋಡಿಸುವುದು ವಾಡಿಕೆ. ಶಸ್ತ್ರಚಿಕಿತ್ಸೆಯ ಅನಂತರ ರೋಗಿಯು ಮನೆಯಲ್ಲಿ ಹೇಗೆ ಬದುಕಿದನೆಂಬ ಪ್ರಶ್ನೆ ಅಂತಹ ಬರಹಗಳಲ್ಲಿ ವಿರಳ. ಕರುಳಿನ ರೋಗಿಗಳಿಗೆ ಮಲವಿಸರ್ಜನೆಗಾಗಿ ಹೊಟ್ಟೆಯ ಮೇಲೆ ನಿರ್ಮಿಸುವ ಕೃತಕ ದ್ವಾರದ, ಎಂದರೆ ಸ್ಟೋಮಾದ, ಇತಿಹಾಸದಲ್ಲಿ ಈ ಲೋಪವು ಎದ್ದು ಕಾಣುತ್ತದೆ. ಈ ಚಿಕಿತ್ಸೆಯ ಅನಂತರದ ಬದುಕನ್ನು ಸಹ್ಯವಾಗಿಸಿದ ಜ್ಞಾನದ ಬಹುಭಾಗವು ರೋಗಿಗಳಿಂದಲೂ ದಾದಿಯರಿಂದಲೂ ಬಂದಿತೆಂಬುದೇ ನಮ್ಮ ಪ್ರತಿಪಾದನೆ.

ಗುದದ್ವಾರವಿಲ್ಲದೆ ಹುಟ್ಟಿ ಮೃತಪಟ್ಟ ಶಿಶುವೊಂದನ್ನು ಪರೀಕ್ಷಿಸಿದ ಫ್ರಾನ್ಸಿನ ಲಿತ್ರೆ ಎಂಬಾತನು 1710ರಲ್ಲಿ ಇಂತಹ ದ್ವಾರದ ಸಾಧ್ಯತೆಯನ್ನು ಸೂಚಿಸಿದನು. 1793ರಲ್ಲಿ ಬ್ರೆಸ್ಟ್ ನಗರದ ದ್ಯುರೆ ಎಂಬಾತನು ಮೂರು ದಿನದ ಶಿಶುವಿಗೆ ಅದನ್ನು ಯಶಸ್ವಿಯಾಗಿ ಮಾಡಿದನು. ಆ ವ್ಯಕ್ತಿ 45 ವರ್ಷ ಬದುಕಿದುದಾಗಿ ದಾಖಲೆಯಿದೆ. ಅಷ್ಟು ವರ್ಷ ಆ ದ್ವಾರವನ್ನು ಶುಚಿಗೊಳಿಸಿದ ಕೈಗಳು ಯಾರವೆಂಬುದು ಮಾತ್ರ ಶಸ್ತ್ರವೈದ್ಯದ ಚರಿತ್ರೆಗೆ ವಿಷಯವಾಗಲಿಲ್ಲ.

ಸಣ್ಣಕರುಳಿನ ಸ್ಟೋಮಾ ಇನ್ನೂ ಕಠಿಣವಾದ ಸಮಸ್ಯೆಯನ್ನು ಒಡ್ಡಿತು. ಅದರಿಂದ ಹೊರಬರುವ ದ್ರವದಲ್ಲಿ ಜೀರ್ಣರಸಗಳಿರುವುದರಿಂದ ಸುತ್ತಲಿನ ಚರ್ಮವು ಬೆಂದಂತೆ ಹುಣ್ಣಾಗುತ್ತಿತ್ತು. 1952ರಲ್ಲಿ ಇಂಗ್ಲೆಂಡಿನ ಬ್ರೂಕ್ ಕರುಳಿನ ತುದಿಯನ್ನು ಹೊರಮಗುಚಿ ಹೊಲಿಯುವ ಕ್ರಮವನ್ನು ಪ್ರಕಟಿಸಿದರು. ಅದೇ ದಶಕದಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡಿನ ಟರ್ನ್‌ಬುಲ್ ಚರ್ಮರಕ್ಷಣೆಗೆ ಕರಾಯ ಗೋಂದನ್ನು ಬಳಕೆಗೆ ತಂದರು. ಈ ಗೋಂದು ನಮ್ಮ ದೇಶದ ಒಣಕಾಡುಗಳ ಮರವೊಂದರಿಂದ ಬರುವುದೆಂಬುದು ಗಮನಾರ್ಹ.

ಆದರೆ ನಿರ್ಣಾಯಕವಾದ ತಿರುವು ಬೇರೆ ಕಡೆಯಿಂದ ಬಂದಿತು. 1954ರಲ್ಲಿ ಡೆನ್ಮಾರ್ಕಿನ ದಾದಿ ಎಲಿಸೆ ಸೊರೆನ್ಸನ್, ಸ್ಟೋಮಾದಿಂದಾಗಿ ಮನೆಬಿಟ್ಟು ಹೊರಡಲು ಅಂಜುತ್ತಿದ್ದ ತನ್ನ ತಂಗಿಗಾಗಿ, ಚರ್ಮಕ್ಕೆ ಅಂಟುವ, ಬಳಸಿ ಎಸೆಯಬಹುದಾದ ಚೀಲವನ್ನು ಕಲ್ಪಿಸಿದಳು. ಅದೇ ವರ್ಷ ಟರ್ನ್‌ಬುಲ್ಲರಿಂದ ಶಸ್ತ್ರಚಿಕಿತ್ಸೆ ಪಡೆದ ನಾರ್ಮಾ ಗಿಲ್ ಎಂಬ ಗೃಹಿಣಿ ತನ್ನಂತಹ ಇತರ ರೋಗಿಗಳಿಗೆ ನೆರವಾಗತೊಡಗಿದಳು. 1958ರಲ್ಲಿ ಟರ್ನ್‌ಬುಲ್ ಆಕೆಯನ್ನು ಈ ಕಾರ್ಯಕ್ಕೆಂದೇ ನೇಮಿಸಿಕೊಂಡರು. 1961ರಲ್ಲಿ ಇಬ್ಬರೂ ಸೇರಿ ತರಬೇತಿ ಶಾಲೆಯನ್ನು ಆರಂಭಿಸಿದರು. ಗಿಲ್ ದಾದಿಯಾಗಿರಲಿಲ್ಲ, ಅನುಭವವೇ ಆಕೆಯ ಅರ್ಹತೆ. 1970ರ ದಶಕದಲ್ಲಿ ಅಮೆರಿಕದಲ್ಲಿ ಈ ವೃತ್ತಿಯು ನೋಂದಾಯಿತ ದಾದಿಯರಿಗೆ ಸೀಮಿತವಾಯಿತು. ಇದರಿಂದ ವೃತ್ತಿಗೆ ಶಿಸ್ತು ಬಂದಿತೆಂಬುದನ್ನು ಒಪ್ಪಬೇಕು; ಆದರೆ ಅದನ್ನು ಕಟ್ಟಿದ ಗಿಲ್‌ಳಂತಹವರಿಗೆ ಬಾಗಿಲು ಮುಚ್ಚಿತೆಂಬುದನ್ನೂ ಮರೆಯಲಾಗದು.

ದಾದಿಯ ಕಾರ್ಯವೇನೆಂಬುದಕ್ಕೆ ಅಮೆರಿಕದ ಡೊರೊಥಿಯಾ ಓರೆಮ್ 1971ರ ತಮ್ಮ ಗ್ರಂಥದಲ್ಲಿ ತಾತ್ತ್ವಿಕ ರೂಪ ಕೊಟ್ಟರು. ರೋಗಿಯ ಸ್ವಯಂ ಆರೈಕೆಯ ಶಕ್ತಿಯಲ್ಲಿ ಎಷ್ಟು ಕೊರತೆಯಿದೆಯೋ ಅಷ್ಟನ್ನು ತುಂಬುವುದೇ ಶುಶ್ರೂಷೆಯೆಂಬುದು ಅವರ ವಾದದ ಸಾರ. ಸ್ಟೋಮಾದ ಅಳತೆ ತೆಗೆದು ಅದಕ್ಕೆ ಸರಿಯಾಗಿ ಚೀಲದ ರಂಧ್ರವನ್ನು ಕತ್ತರಿಸುವುದು, ಚರ್ಮವನ್ನು ಉಗುರುಬೆಚ್ಚಗಿನ ನೀರಿನಿಂದ ತೊಳೆದು ಒಣಗಿಸುವುದು, ಮೂರನೆಯ ಒಂದು ಭಾಗ ತುಂಬಿದಾಗಲೇ ಚೀಲವನ್ನು ಬರಿದುಮಾಡುವುದು, ಇವನ್ನು ದಾದಿ ಮೊದಲು ತಾನು ಮಾಡಿ ತೋರಿಸುತ್ತಾಳೆ; ಬಳಿಕ ರೋಗಿಯಿಂದ ಮಾಡಿಸುತ್ತಾಳೆ; ಕೊನೆಗೆ ನೋಡುತ್ತ ನಿಲ್ಲುತ್ತಾಳೆ. ಶಸ್ತ್ರಚಿಕಿತ್ಸೆಗೆ ಮುನ್ನ ಸ್ಥಳವನ್ನು ಗುರುತಿಸುವುದೂ ಈ ಪಾಠದ ಭಾಗವೇ. ರೋಗಿಯನ್ನು ನಿಲ್ಲಿಸಿ, ಕೂರಿಸಿ, ಬಗ್ಗಿಸಿ ನೋಡಿ, ಮಡಿಕೆಗಳಿಲ್ಲದ ಹಾಗೂ ಅವನ ಕಣ್ಣಿಗೆ ಕಾಣುವ ಜಾಗವನ್ನು ಆರಿಸಬೇಕು. ನಮ್ಮ ನಾಡಿನಲ್ಲಿ ಸೀರೆಯ ನೆರಿಗೆ, ಪಂಚೆಯ ಕಟ್ಟು, ನೆಲದ ಮೇಲೆ ಕುಳಿತು ಉಣ್ಣುವ ರೂಢಿ ಇವೆಲ್ಲವೂ ಇಲ್ಲಿ ಪರಿಗಣನೆಗೆ ಬರಬೇಕಾದವು. ಇವನ್ನು ರೋಗಿಯಿಂದ ಕೇಳಿಯೇ ತಿಳಿಯಬೇಕಲ್ಲದೆ ಪಾಶ್ಚಾತ್ಯ ಪಠ್ಯಗಳಿಂದಲ್ಲ.

ಆದುದರಿಂದ ಈ ವಿಷಯದ ಚರಿತ್ರೆಗೆ ಶಸ್ತ್ರವೈದ್ಯರ ಪ್ರಬಂಧಗಳಷ್ಟೇ ಆಧಾರವಾಗಲಾರವು. ನಮ್ಮ ಆಸ್ಪತ್ರೆಗಳ ದಾದಿಯರ ನೆನಪುಗಳನ್ನೂ, ಲಜ್ಜೆಯಿಂದ ಮೌನವಾಗಿರುವ ರೋಗಿಗಳು ಒಪ್ಪಿದರೆ ಅವರ ಹೇಳಿಕೆಗಳನ್ನೂ ನಮ್ಮ ವಿದ್ಯಾರ್ಥಿಗಳು ಸಂಗ್ರಹಿಸಬೇಕು. ಅವರ ಮೌನದಲ್ಲಿ ಒಂದು ತಲೆಮಾರಿನ ಅನುಭವವೇ ಅಳಿದುಹೋಗುವ ಸಂಭವವಿದೆ.