ರೋಮಜೀವಿಯ ಮೂಲಪ್ರತಿ ಮತ್ತು ಕೈಪ್ರತಿ

ಕೆರೆಯ ನೀರಿನಲ್ಲಿ ಒಂದು ಹಿಡಿ ಒಣಹುಲ್ಲನ್ನು ನಾಲ್ಕಾರು ದಿನ ನೆನೆಯಿಟ್ಟು, ಆ ನೀರಿನ ಒಂದು ತೊಟ್ಟನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿರಿ. ಕೆರದ ಅಟ್ಟೆಯ ಆಕಾರದ ಜೀವಿಗಳು ಅತ್ತಿಂದಿತ್ತ ಧಾವಿಸುವುದು ಕಂಡೀತು. ಅವುಗಳ ಮೈತುಂಬ ನವಿರಾದ ರೋಮ. ಆ ರೋಮಗಳೇ ಅವಕ್ಕೆ ಹುಟ್ಟುಗೋಲು. ಇವಕ್ಕೆ ಪ್ಯಾರಮೀಸಿಯಂ ಎಂದು ಹೆಸರು. ಇಂಥ ಏಕಕೋಶಜೀವಿಗಳ ಬಳಗವನ್ನು ವಿಜ್ಞಾನಿಗಳು ಸಿಲಿಯೇಟ್ ಎನ್ನುತ್ತಾರೆ. ರೋಮಜೀವಿ ಎಂದರೆ ನಮಗೆ ಸಾಕು. ೧೬೭೦ರ ದಶಕದಲ್ಲಿ ಹಾಲೆಂಡಿನ ಡೆಲ್ಫ್ಟ್ ಪಟ್ಟಣದ ಬಟ್ಟೆ ವ್ಯಾಪಾರಿ ಲೇವೆನ್‌ಹುಕ್ ತಾನೇ ಉಜ್ಜಿ ಮಾಡಿದ ಮಸೂರದಲ್ಲಿ ಈ ಬಳಗದವನ್ನು ಕಂಡು ಲಂಡನ್ನಿನ ರಾಯಲ್ ಸೊಸೈಟಿಗೆ ಕಾಗದ ಬರೆದನು.

ಮನುಷ್ಯನ ಜೀವಕೋಶದಲ್ಲಿ ಸಾಮಾನ್ಯವಾಗಿ ಇರುವುದು ಒಂದೇ ಕೇಂದ್ರ. ರೋಮಜೀವಿಗಾದರೋ ಎರಡು ಬಗೆಯ ಕೇಂದ್ರಗಳು. ಹಿರಿಯದು ಹಗಲಿರುಳೂ ದುಡಿಯುವುದು. ದೇಹಕ್ಕೆ ಬೇಕಾದ ಅಪ್ಪಣೆಗಳೆಲ್ಲ ಅಲ್ಲಿಂದಲೇ ಹೊರಡುವುವು. ಕಿರಿಯದು ಬಹುಮಟ್ಟಿಗೆ ಮೌನಿ. ಎರಡು ಜೀವಿಗಳು ಕೂಡಿದಾಗ ಮಾತ್ರ ಅದು ಎಚ್ಚರಗೊಂಡು ವಂಶದ ಸಂಪತ್ತನ್ನು ವಿನಿಮಯಮಾಡಿಕೊಳ್ಳುತ್ತದೆ. ಆಮೇಲೆ ಹಳೆಯ ಹಿರಿಯ ಕೇಂದ್ರ ಕರಗಿಹೋಗಿ, ಕಿರಿಯದರಿಂದಲೇ ಹೊಸ ಹಿರಿಯದು ಸಿದ್ಧವಾಗುತ್ತದೆ. ಬಟ್ಟೆ ಸುತ್ತಿ ಪೆಟ್ಟಿಗೆಯಲ್ಲಿಟ್ಟ ತಾಳೆಗರಿಯ ಮೂಲಪ್ರತಿ ಒಂದು, ಪಾಠ ಹೇಳಲು ದಿನವೂ ಬಿಚ್ಚುವ ಕೈಪ್ರತಿ ಇನ್ನೊಂದು ಎಂದುಕೊಳ್ಳಿ. ೧೯೩೭ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾನಿಲಯದ ಸಾನ್‌ಬಾರ್ನ್, ಯಾವ ಪ್ಯಾರಮೀಸಿಯಂ ಯಾವುದರೊಡನೆ ಕೂಡುತ್ತದೆ ಎಂಬ ನಿಯಮವನ್ನು ಕಂಡುಹಿಡಿದ ಮೇಲೆ ಇವುಗಳ ವಂಶಶಾಸ್ತ್ರವನ್ನು ಕ್ರಮವಾಗಿ ಅಭ್ಯಾಸಮಾಡುವುದು ಸಾಧ್ಯವಾಯಿತು.

ಕೈಪ್ರತಿ ಮೂಲಪ್ರತಿಯ ಯಥಾವತ್ತಾದ ನಕಲಾಗಿರಬೇಕಲ್ಲವೆ? ಆಶ್ಚರ್ಯವಿರುವುದು ಇಲ್ಲಿಯೇ. ಟೆಟ್ರಹೈಮಿನ ಎಂಬ ರೋಮಜೀವಿಯ ಮೂಲದಲ್ಲಿ ಐದು ಜೊತೆ ವರ್ಣತಂತುಗಳು. ಕೈಪ್ರತಿಯಲ್ಲಿ ಅವನ್ನು ಕತ್ತರಿಸಿ ಸುಮಾರು ೧೮೦ ತುಂಡುಗಳಾಗಿ ಮಾಡಲಾಗಿರುತ್ತದೆ. ಆಕ್ಸಿಟ್ರಿಕ ಎಂಬ ಇನ್ನೊಂದು ಜೀವಿಯಂತೂ ಮೂಲದ ಹತ್ತರಲ್ಲಿ ಒಂಬತ್ತು ಪಾಲಿಗಿಂತ ಹೆಚ್ಚು ಡಿ.ಎನ್.ಎ.ಯನ್ನು ಎಸೆದು, ಉಳಿದುದನ್ನು ಸುಮಾರು ೧೬,೦೦೦ ಪುಟ್ಟ ವರ್ಣತಂತುಗಳಾಗಿ ಮಾಡಿಕೊಳ್ಳುತ್ತದೆ. ಅವುಗಳಲ್ಲಿ ಹೆಚ್ಚಿನವು ಒಂದೊಂದೇ ವಂಶವಾಹಿಯನ್ನು ಹೊತ್ತವು. ಬಿಡಿ ಪದ್ಯಗಳನ್ನು ಒಂದೊಂದು ಚೀಟಿಯ ಮೇಲೆ ಬರೆದಿಟ್ಟಂತೆ!

ವಂಶವಾಹಿಯ ನಡುವೆ ಬೇಡದ ಮಾತುಗಳು ಸೇರಿರುವುದುಂಟೆಂದು ೧೯೭೭ರಲ್ಲಿಯೇ ತಿಳಿದಿತ್ತು. ಹಾಗಿದ್ದರೂ ಬೇಕಾದ ಭಾಗಗಳ ಕ್ರಮ ಕೆಡುವುದಿಲ್ಲವೆಂದೇ ಎಲ್ಲರ ನಂಬಿಕೆ. ಕೊಲರಾಡೋ ವಿಶ್ವವಿದ್ಯಾನಿಲಯದ ಡೇವಿಡ್ ಪ್ರೆಸ್ಕಾಟ್ ಮತ್ತು ಸಂಗಡಿಗರು ೧೯೮೯ರಲ್ಲಿ ಆಕ್ಸಿಟ್ರಿಕದ ಆಕ್ಟಿನ್ ಎಂಬ ಪ್ರೋಟೀನಿನ ವಂಶವಾಹಿಯನ್ನು ಮೂಲಪ್ರತಿಯಲ್ಲಿ ಓದಿದರು. ಅದು ಒಂಬತ್ತು ತುಂಡಾಗಿತ್ತು. ಇದ್ದ ಕ್ರಮವೋ ೩, ೪, ೬, ೫, ೭, ೯, ೨, ೧, ೮. ಸಾಲದ್ದಕ್ಕೆ ಎರಡನೆಯ ತುಂಡು ತಲೆಕೆಳಗು. ಹಸ್ತಪ್ರತಿಗಳ ಗೊಡವೆ ಉಳ್ಳವರಿಗೆ ಈ ಸಂಕಟ ಹೊಸದಲ್ಲ: ದಾರ ಕಡಿದು ಗರಿಗಳು ಅದಲುಬದಲಾಗಿವೆ, ನಡುನಡುವೆ ಪ್ರಕ್ಷಿಪ್ತಗಳೂ ಸೇರಿವೆ. ಇದನ್ನು ಶೋಧಿಸಿ ಕೊಡುವ ಸಂಪಾದಕನಿಗೆ ವರ್ಷಗಳೇ ಬೇಕು. ರೋಮಜೀವಿ ಕೆಲವೇ ದಿನಗಳಲ್ಲಿ ಮುಗಿಸುತ್ತದೆ. ಅದೂ ಒಂದು ವಂಶವಾಹಿಯಲ್ಲಿ ಮಾತ್ರವೇ? ೨೦೧೪ರಲ್ಲಿ ಮೂಲಪ್ರತಿಯನ್ನು ಪೂರ್ಣವಾಗಿ ಓದಿದಾಗ ಜೋಡಿಸಬೇಕಾದ ತುಂಡುಗಳು ೨,೨೫,೦೦೦ಕ್ಕೂ ಮೇಲೆಂದು ತಿಳಿಯಿತು.

ಇದೊಂದು ವಿಚಿತ್ರ ಪ್ರಾಣಿಯ ಚಾಳಿ, ನಮಗೇನು ಎಂದು ತಾವು ಕೇಳಬಹುದು. ತುಂಡು ಹೆಚ್ಚಿದಷ್ಟೂ ತುದಿಗಳು ಹೆಚ್ಚು. ವರ್ಣತಂತುವಿನ ತುದಿ ಹೇಗಿರುತ್ತದೆಂದು ಹುಡುಕುವವರಿಗೆ ಇದಕ್ಕಿಂತ ಒಳ್ಳೆಯ ಗಣಿ ಬೇಕೆ? ೧೯೭೮ರಲ್ಲಿ ಯೇಲ್‌ನ ಎಲಿಜಬೆತ್ ಬ್ಲ್ಯಾಕ್‌ಬರ್ನ್ ಮತ್ತು ಜೋಸೆಫ್ ಗಾಲ್, ಟೆಟ್ರಹೈಮಿನದ ತುದಿಯಲ್ಲಿ ಆರೇ ಅಕ್ಷರಗಳ ಒಂದು ಪದ ೨೦ರಿಂದ ೭೦ ಸಲ ಆವೃತ್ತಿಯಾಗಿರುವುದನ್ನು ಕಂಡರು. ಆ ತುದಿಯನ್ನು ಕಟ್ಟುವ ಕಿಣ್ವದ ಸುಳಿವು ಕ್ಯಾರಲ್ ಗ್ರೈಡರ್ ಎಂಬ ವಿದ್ಯಾರ್ಥಿನಿಗೆ ೧೯೮೪ರ ಕ್ರಿಸ್ಮಸ್ ದಿನ ಬರ್ಕ್ಲಿಯಲ್ಲಿ ದೊರೆಯಿತು. ಮನುಷ್ಯನ ಬಹುಪಾಲು ಅರ್ಬುದಗಳಲ್ಲಿ ಕೋಶಗಳು ಕೊನೆಯಿಲ್ಲದೆ ಒಡೆಯುತ್ತಿರುವುದಕ್ಕೆ ಇದೇ ಬಗೆಯ ಕಿಣ್ವದ ನೆರವುಂಟು. ಇವರಿಬ್ಬರಿಗೂ ಜ್ಯಾಕ್ ಶೋಸ್ಟಾಕ್‌ಗೂ ೨೦೦೯ರಲ್ಲಿ ನೊಬೆಲ್ ಬಂದಿತು. ಅದೇ ಟೆಟ್ರಹೈಮಿನದಲ್ಲಿ ಆರ್.ಎನ್.ಎ. ತನ್ನ ನಡುವಿನ ಬೇಡದ ತುಂಡನ್ನು ತಾನೇ ಕತ್ತರಿಸಿಕೊಳ್ಳುವುದನ್ನು ೧೯೮೨ರಲ್ಲಿ ತೋರಿಸಿದ ಟಾಮಸ್ ಚೆಕ್‌ಗೆ ೧೯೮೯ರಲ್ಲಿಯೇ ಆ ಗೌರವ ಸಂದಿತ್ತು.

ಗರಿಗಳ ಕ್ರಮವನ್ನು ಹೇಳಿಕೊಡುವವರು ಯಾರು? ಹಳೆಯ ಪುಸ್ತಕಗಳಲ್ಲಿ ಮುಂದಿನ ಪುಟದ ಮೊದಲ ಪದವನ್ನು ಹಿಂದಿನ ಪುಟದ ಅಡಿಯಲ್ಲಿ ಅಚ್ಚುಮಾಡುತ್ತಿದ್ದರಷ್ಟೆ. ಹಾಗೆಯೇ ಸೇರಬೇಕಾದ ಎರಡು ತುಂಡುಗಳ ಅಂಚಿನಲ್ಲಿ ಒಂದೇ ಅಕ್ಷರಗುಚ್ಛ ಇರುತ್ತದೆ. ಅನೇಕ ಕಡೆ ಆ ಗುಚ್ಛ ತೀರ ಚಿಕ್ಕದು. ಅದನ್ನೊಂದನ್ನೇ ನಂಬಿದರೆ ಜೋಡಣೆ ದಾರಿ ತಪ್ಪುತ್ತದೆ. ೨೦೦೮ರಲ್ಲಿ ಪ್ರಿನ್ಸ್‌ಟನ್‌ನ ಲಾರಾ ಲ್ಯಾಂಡ್‌ವೆಬರ್ ಅವರ ತಂಡ ಮಿಕ್ಕ ಉತ್ತರವನ್ನು ಕೊಟ್ಟಿತು. ಹಳೆಯ ಕೈಪ್ರತಿ ಕರಗುವ ಮೊದಲು ಅದರ ಪಾಠ ಆರ್.ಎನ್.ಎ. ರೂಪದಲ್ಲಿ ಹೊಸ ಕೇಂದ್ರವನ್ನು ಸೇರುತ್ತದೆ. ಅದನ್ನು ಮಾದರಿಯಾಗಿಟ್ಟುಕೊಂಡು ತುಂಡುಗಳು ಕೂಡಿಕೊಳ್ಳುತ್ತವೆ. ಕ್ರಮ ಬದಲಿಸಿದ ಆರ್.ಎನ್.ಎ.ಯನ್ನು ಬೇಕೆಂದೇ ಒಳಸೇರಿಸಿದಾಗ, ಹೊಸ ಕೈಪ್ರತಿಯಲ್ಲಿ ಗರಿಗಳು ಆ ಬದಲಾದ ಕ್ರಮದಲ್ಲಿಯೇ ಕುಳಿತವು.